ಹೊಸ್ತಿಲು ದಾಟದ ಬೆಕ್ಕಿಗೂ ಚಿಗಟ: ಬೆಕ್ಕಿನ ಮೈ, ಮನೆ ಎರಡನ್ನೂ ಸ್ವಚ್ಛ ಮಾಡುವ ಸಮಗ್ರ ಮಾರ್ಗದರ್ಶಿ

ಬೆಕ್ಕನ್ನು ಹೊರಗೇ ಬಿಡುವುದಿಲ್ಲ, ಆದರೂ ಮೈತುಂಬ ಚಿಗಟ ಎಂದು ತಲೆ ಕೆಡಿಸಿಕೊಳ್ಳುವವರು ನಮ್ಮ ಕಡೆ ಬಹಳ ಜನ. ಚಿಗಟ ಹತ್ತಲು ಬೆಕ್ಕು ಹೊರಗೆ ಹೋಗಬೇಕೆಂದೇನೂ ಇಲ್ಲ. ವಿಜಯಪುರದ ಹಳೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿಯಿಂದ ಇಲಿ ಇಳಿಯುತ್ತದೆ. ಬೆಳಗಾವಿಯ ಹಂಚಿನ ಮನೆಗಳಲ್ಲಿ ಅಟ್ಟದ ಮೇಲೆ ಬೀದಿಬೆಕ್ಕು ಮರಿ ಹಾಕುತ್ತದೆ. ಪಕ್ಕದ ಮನೆಯ ನಾಯಿ ನಮ್ಮ ಕಟ್ಟೆಯ ಮೇಲೆ ಮಲಗಿ ಹೋಗುತ್ತದೆ. ಊರಿಂದ ತಂದ ಹಾಸಿಗೆ, ನಾಯಿ ಬೆಕ್ಕು ಮಲಗಿದ್ದ ಜೋಳದ ಚೀಲ, ಕೊನೆಗೆ ನಮ್ಮ ಪ್ಯಾಂಟಿನ ಅಂಚು, ಸೀರೆಯ ಅಂಚು ಕೂಡ ಸಾಕು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬೆಕ್ಕಿನ ಮೈಮೇಲೆ ಓಡಾಡುವ ದೊಡ್ಡ ಚಿಗಟಗಳು ಒಟ್ಟು ಸಂತಾನದಲ್ಲಿ ನೂರಕ್ಕೆ ಸುಮಾರು 5 ಮಾತ್ರ. ಉಳಿದ 95 ಪಾಲು ಮೊಟ್ಟೆ, ಹುಳು, ಗೂಡುಗಳ ರೂಪದಲ್ಲಿ ಮನೆಯೊಳಗೇ ಇರುತ್ತದೆ: ಹಾಸಿಗೆಯಲ್ಲಿ, ಸೋಫಾದ ಸಂದಿಯಲ್ಲಿ, ನೆಲದ ಫರ್ಶಿ ಕಲ್ಲಿನ ಬಿರುಕಿನಲ್ಲಿ. ಬೆಕ್ಕಿಗೆ ಒಂದು ಸಲ ಶಾಂಪೂ ಹಾಕಿ ತೊಳೆದು ಮುಗಿಯಿತು ಅಂದುಕೊಂಡವರ ಮನೆಯಲ್ಲಿ ಎರಡು ವಾರಕ್ಕೆ ಚಿಗಟ ಮತ್ತೆ ಕಾಣುವುದು ಇದಕ್ಕೇ. ಬೆಕ್ಕಿಗೆ ಸರಿಯಾದ ಔಷಧ, ಮನೆಗೆ ಬಿಡದ ಶುಚಿ, ಎರಡೂ ಒಂದೇ ದಿನ ಶುರುವಾಗಬೇಕು, ಕನಿಷ್ಠ 3 ತಿಂಗಳು ನಡೆಯಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಮೊದಲು ಚಿಗಟವೇ ಹೌದಾ ನೋಡಿ

ಬೆಕ್ಕು ಕೆರೆದುಕೊಳ್ಳುತ್ತಿದೆ ಎಂದ ಮಾತ್ರಕ್ಕೆ ಚಿಗಟವೇ ಆಗಬೇಕಿಲ್ಲ. ಕಿವಿಯ ನುಸಿ, ಶಿಲೀಂಧ್ರದ ಹುಣ್ಣು, ಆಹಾರದ ಅಲರ್ಜಿ ಇದ್ದರೂ ಕೆರೆದುಕೊಳ್ಳುತ್ತದೆ. ಹಾಗಾಗಿ ಸುಮ್ನೆ ಊಹೆ ಮಾಡಿ ಔಷಧ ಹಾಕಬೇಡಿ.

ಚಿಗಟ ಕಂದು ಬಣ್ಣದ್ದು, ಉದ್ದ 2–3 ಮಿಲಿಮೀಟರ್. ಎರಡೂ ಪಕ್ಕದಿಂದ ಒತ್ತಿದಂತೆ ಚಪ್ಪಟೆ. ಅದಕ್ಕೇ ಕೂದಲ ನಡುವೆ ಸರ್ರನೆ ನುಸುಳುತ್ತದೆ, ಹಿಡಿಯಲು ಹೋದರೆ ಜಿಗಿಯುತ್ತದೆ. ಉಣ್ಣೆ ಹಾಗಲ್ಲ, ಚರ್ಮಕ್ಕೆ ಬಾಯಿ ಕಚ್ಚಿ ಒಂದೇ ಕಡೆ ಕೂತಿರುತ್ತದೆ. ಹೇನು ನಿಧಾನ, ಕೂದಲಿಗೇ ಅಂಟಿಕೊಂಡಿರುತ್ತದೆ. ಈ ಮೂರಕ್ಕೂ ಚಿಕಿತ್ಸೆ ಒಂದೇ ಅಲ್ಲ.

ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುವ ಪ್ರಾಣಿ. ಚಿಗಟ ಸಿಕ್ಕರೆ ನುಂಗಿಬಿಡುತ್ತದೆ. ಆದ್ದರಿಂದ ಎಷ್ಟು ಹುಡುಕಿದರೂ ಒಂದೂ ಕಾಣದೆ ಹೋಗಬಹುದು. ಆಗ ಹುಡುಕಬೇಕಾದದ್ದು ಚಿಗಟವನ್ನಲ್ಲ, ಅದರ ಹಿಕ್ಕೆಯನ್ನು. ಬಾಲದ ಬುಡ, ಕುತ್ತಿಗೆಯ ಹಿಂಭಾಗ, ಹೊಟ್ಟೆ, ತೊಡೆಯ ಸಂದು, ಈ ಜಾಗಗಳಲ್ಲಿ ಕೂದಲು ಬಿಡಿಸಿ ನೋಡಿ. ಕರಿಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು ಕಂಡರೆ ಸ್ವಲ್ಪ ಬಾಚಿ ಬಿಳಿ ಬಟ್ಟೆಯ ಮೇಲೆ ಉದುರಿಸಿ. ಬಟ್ಟೆಗೆ ನಾಲ್ಕು ಹನಿ ನೀರು ಹಾಕಿ ಒಂದು ನಿಮಿಷ ಬಿಡಿ. ಬರೀ ಮಣ್ಣಾಗಿದ್ದರೆ ಕಪ್ಪು ಕಪ್ಪಾಗಿಯೇ ಇರುತ್ತದೆ. ಚಿಗಟದ ಹಿಕ್ಕೆಯಾಗಿದ್ದರೆ ಪ್ರತಿ ಚುಕ್ಕೆಯ ಸುತ್ತ ತುಕ್ಕಿನ ಬಣ್ಣದ ಕೆಂಪು ಹರಡುತ್ತದೆ. ಅದು ನಿಮ್ಮ ಬೆಕ್ಕಿನದೇ ರಕ್ತ, ಚಿಗಟ ಕುಡಿದು ಅರೆಬರೆ ಅರಗಿಸಿ ಬಿಟ್ಟದ್ದು. ಹಾಗೆ ಕೆಂಪಾದರೆ ಇನ್ನೊಂದು ಪುರಾವೆ ಬೇಕಿಲ್ಲ.

ಬಾಚಲು ಮಾಮೂಲಿ ಬಾಚಣಿಗೆ ಸಾಲದು. ಚಿಗಟದ ಬಾಚಣಿಗೆ ಎಂದೇ ಸಿಗುತ್ತದೆ, ಹಲ್ಲುಗಳು ತುಂಬ ಒತ್ತಾಗಿರುತ್ತವೆ. ಸಿಗದಿದ್ದರೆ ತಲೆಯ ಹೇನು ತೆಗೆಯುವ ಲೋಹದ ಹಣಿಗೆಯೂ ಆದೀತು. ಪಕ್ಕದಲ್ಲಿ ಒಂದು ಬೋಗುಣಿ ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ ಇಟ್ಟುಕೊಳ್ಳಿ. ಬಾಚಣಿಗೆಗೆ ಸಿಕ್ಕ ಚಿಗಟವನ್ನು ತಕ್ಷಣ ಅದರಲ್ಲಿ ಅದ್ದಿ. ಬರೀ ನೀರಿನಲ್ಲಿ ತೇಲಿ ಎದ್ದು ಹೋಗುತ್ತದೆ, ಸೋಪಿನ ನೀರಿನಲ್ಲಿ ಮುಳುಗಿ ಸಾಯುತ್ತದೆ. ಉಗುರಲ್ಲಿ ಕುಕ್ಕಿ ಕೊಲ್ಲಬೇಡಿ.

ಮನೆಯಲ್ಲಿ ಎಷ್ಟಿವೆ ಎಂದು ತಿಳಿಯಲು ಮೊಣಕಾಲವರೆಗೆ ಬಿಳಿ ಸಾಕ್ಸ್ ಹಾಕಿಕೊಂಡು ಬೆಕ್ಕು ಮಲಗುವ ಕೋಣೆಯಲ್ಲಿ ನಿಧಾನವಾಗಿ ಓಡಾಡಿ. ಹಸಿದ ಚಿಗಟಗಳು ಕಾಲಿಗೇ ಜಿಗಿಯುತ್ತವೆ. ಮನೆಯವರ ಪಾದದ ಗಂಟಿನ ಸುತ್ತ ಸಾಲಾಗಿ ಕೆಂಪು ಗುಳ್ಳೆ ಎದ್ದಿದ್ದರೂ ಅದೇ ಸೂಚನೆ.

ಚಿಗಟದ ಬದುಕು ತಿಳಿಯದೆ ಅದನ್ನು ಕಳೆಯಲಾಗದು

ನಮ್ಮ ಬೆಕ್ಕುಗಳ ಮೇಲೆ ಕಾಣುವುದು ಹೆಚ್ಚಾಗಿ ಟೆನೋಸಿಫಾಲಿಡಿಸ್ ಫೆಲಿಸ್ ಎಂಬ ಜಾತಿ. ನಾಯಿಗೂ ಬಹುತೇಕ ಇದೇ ಹತ್ತುತ್ತದೆ. ಹೆಣ್ಣು ಚಿಗಟ ಮೊದಲ ಸಲ ರಕ್ತ ಹೀರಿದ ಒಂದೆರಡು ದಿನದಲ್ಲೇ ಮೊಟ್ಟೆ ಇಡಲು ಶುರು ಮಾಡುತ್ತದೆ. ದಿನಕ್ಕೆ 40–50 ಮೊಟ್ಟೆಯವರೆಗೂ ಇಡಬಲ್ಲದು. ಮೊಟ್ಟೆ ಬಿಳಿ, ಅರ್ಧ ಮಿಲಿಮೀಟರ್ ಗಾತ್ರ, ನುಣುಪು. ಕೂದಲಿಗೆ ಅಂಟುವುದಿಲ್ಲ. ಬೆಕ್ಕು ಮೈ ಕೊಡವಿದಾಗ, ಮಲಗಿದಾಗ, ಅಲ್ಲಲ್ಲೇ ಉದುರುತ್ತದೆ. ಅಂದರೆ ಬೆಕ್ಕು ಜಾಸ್ತಿ ಹೊತ್ತು ಮಲಗುವ ಜಾಗದಲ್ಲೇ ಮೊಟ್ಟೆಯೂ ಜಾಸ್ತಿ.

ಕೆಲವೇ ದಿನಗಳಲ್ಲಿ ಮೊಟ್ಟೆ ಒಡೆದು ಸಣ್ಣ ಬಿಳಿ ಹುಳು ಬರುತ್ತದೆ. ಅದಕ್ಕೆ ಬೆಳಕು ಆಗುವುದಿಲ್ಲ, ಕತ್ತಲ ಸಂದಿಗೆ ಇಳಿಯುತ್ತದೆ. ಮೇಲಿಂದ ಉದುರುವ ಆ ಕಪ್ಪು ಹಿಕ್ಕೆಯೇ ಅದಕ್ಕೆ ಊಟ. ಆಮೇಲೆ ರೇಷ್ಮೆಯಂಥ ಅಂಟು ನೂಲಿನಿಂದ ಗೂಡು ಕಟ್ಟಿಕೊಳ್ಳುತ್ತದೆ. ಗೂಡಿಗೆ ಧೂಳು, ಕೂದಲು ಮೆತ್ತಿಕೊಂಡು ಕಣ್ಣಿಗೆ ಕಾಣುವುದೇ ಇಲ್ಲ. ಇಡೀ ಕಥೆಯಲ್ಲಿ ನಮಗೆ ಕಾಟ ಕೊಡುವುದು ಈ ಗೂಡು. ಯಾವ ಸ್ಪ್ರೇ ಕೂಡ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ಒಳಗಿನ ಚಿಗಟ ಒಂದೆರಡು ವಾರದಲ್ಲಿ ಹೊರಬರಬಹುದು, ಬೇಡವೆನಿಸಿದರೆ ತಿಂಗಳುಗಟ್ಟಲೆ ಕಾಯಬಹುದು. ನೆಲದ ಅದುರು, ಮೈ ಬಿಸಿ, ನಮ್ಮ ಉಸಿರು ತಾಗಿದರೆ ಪ್ರಾಣಿ ಬಂತೆಂದು ತಿಳಿದು ಎದ್ದು ಬರುತ್ತದೆ. ಬಹಳ ದಿನ ಖಾಲಿ ಬಿದ್ದಿದ್ದ ಬಾಡಿಗೆ ಮನೆಗೆ ಹೋದ ದಿನವೇ ಕಾಲಿಗೆಲ್ಲ ಚಿಗಟ ಹತ್ತುವುದು ಇದೇ ಕಾರಣಕ್ಕೆ.

ಹವಾಮಾನವೂ ಲೆಕ್ಕಕ್ಕೆ ಬರುತ್ತದೆ. ಚಿಗಟದ ಹುಳುವಿಗೆ ತೇವ ಬೇಕು. ಗಾಳಿಯ ತೇವಾಂಶ ನೂರಕ್ಕೆ 50ಕ್ಕಿಂತ ಕಡಿಮೆಯಾದರೆ ಒಣಗಿ ಸಾಯುತ್ತದೆ. 35 ಡಿಗ್ರಿ ದಾಟಿದ ಬಿಸಿಯೂ ಅದಕ್ಕೆ ಆಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿ, ಖಾನಾಪುರದ ಜಡಿಮಳೆ ಚಿಗಟಕ್ಕೆ ಸುಗ್ಗಿ. ವಿಜಯಪುರ, ಬಾಗಲಕೋಟೆಯ 40 ಡಿಗ್ರಿ ದಾಟುವ ಒಣ ಬೇಸಿಗೆಯಲ್ಲಿ ಅಂಗಳದ ಚಿಗಟ ತಾನಾಗಿ ಇಳಿಯುತ್ತದೆ. ಆದರೆ ದಪ್ಪ ಗೋಡೆಯ ತಂಪು ಪಡಸಾಲೆ, ಬಚ್ಚಲ ಪಕ್ಕದ ಮೂಲೆ, ಕೂಲರ್ ಹಚ್ಚಿದ ಕೋಣೆ ಬೇಸಿಗೆಯಲ್ಲೂ ಅದಕ್ಕೆ ಸಾಕಷ್ಟಾಗುತ್ತದೆ. ಬಿಸಿಲೇ ಎಲ್ಲ ನೋಡಿಕೊಳ್ಳುತ್ತದೆ ಎಂದು ಕೂರಬೇಡಿ.

ಬೆಕ್ಕಿಗೆ ಏನು ಹಾಕಬಾರದು

ಈ ಭಾಗವನ್ನು ದಯವಿಟ್ಟು ಬಿಡದೆ ಓದಿ. ಬೆಳೆದ ಬೆಕ್ಕು ಚಿಗಟದಿಂದ ಸಾಯುವುದು ಅಪರೂಪ. ಚಿಗಟಕ್ಕೆಂದು ಹಾಕಿದ ತಪ್ಪು ಔಷಧದಿಂದ ಒಂದೇ ದಿನದಲ್ಲಿ ಸಾಯಬಹುದು.

"ಅಕ್ಕಾರ, ದನಕ್ಕ ಹಚ್ಚೋ ಔಷಧ ನಮ್ಮ ಮನ್ಯಾಗ ಐತಿ, ಒಂದ್ ನಾಕ್ ಹನಿ ಹಚ್ರಿ, ಎಲ್ಲಾ ಸತ್ತ ಹೋಗ್ತಾವ." ಪಕ್ಕದ ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ದನ, ಎಮ್ಮೆ ಇರುವ ಮನೆಗಳಲ್ಲಿ ಉಣ್ಣೆಗೆ ನೀರಲ್ಲಿ ಬೆರೆಸಿ ಬಳಿಯುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಅಮಿಟ್ರಾಜ್ ಬಾಟಲಿ ಇದ್ದೇ ಇರುತ್ತದೆ. ಅದು ದನಕ್ಕೆ ಸರಿ. ಬೆಕ್ಕಿಗೆ ವಿಷ. ನಾಯಿಗೆಂದು ಮಾರುವ ಪರ್ಮೆಥ್ರಿನ್ ಹನಿ, ಪೌಡರ್, ಶಾಂಪೂ ಕೂಡ ಹಾಗೆಯೇ. ಇಂಥ ವಿಷವನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಹುಟ್ಟಿನಿಂದಲೇ ಬಹಳ ಕಡಿಮೆ. ಜತೆಗೆ ಮೈಗೆ ಹಚ್ಚಿದ್ದೆಲ್ಲವನ್ನೂ ಅದು ನೆಕ್ಕಿ ಹೊಟ್ಟೆಗೆ ಕಳಿಸುತ್ತದೆ. ಕಡಿಮೆ ಹಾಕಿದರೆ ಪರವಾಗಿಲ್ಲ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮುಧೋಳ ನಾಯಿಯ ನಾಡು ನಮ್ಮದು, ನಾಯಿ ಬೆಕ್ಕು ಒಟ್ಟಿಗೆ ಬೆಳೆಯುವ ಮನೆಗಳು ಎಷ್ಟೋ ಇವೆ. ಅಂಥ ಮನೆಯಲ್ಲಿ ನಾಯಿಗೆ ಪರ್ಮೆಥ್ರಿನ್ ಇರುವ ಔಷಧ ಹಾಕಿದರೆ, ಅದರ ಮೈಗೆ ಒರಗಿ ಮಲಗಿದ ಬೆಕ್ಕಿಗೂ ವಿಷ ತಗಲುತ್ತದೆ. ನಾಯಿಗೂ ಬೆಕ್ಕಿರುವ ಮನೆಗೆ ಹೊಂದುವ ಔಷಧವನ್ನೇ ವೈದ್ಯರಲ್ಲಿ ಕೇಳಿ ಪಡೆಯಿರಿ.

ಮನೆಮದ್ದುಗಳ ಕಡೆಯೂ ಎಚ್ಚರ ಇರಲಿ. ತಂಬಾಕು ನೆನೆಸಿದ ನೀರು ಬೇಡವೇ ಬೇಡ. ನಿಪ್ಪಾಣಿ ಸೀಮೆಯಲ್ಲಿ ತಂಬಾಕಿನ ಎಲೆ ಕೈಗೆ ಸುಲಭವಾಗಿ ಸಿಗುತ್ತದೆ ನಿಜ, ಆದರೆ ನಿಕೋಟಿನ್ ಚರ್ಮದಿಂದಲೂ ಒಳಗಿಳಿಯುವ ವಿಷ. ಚಿಮಣಿ ಎಣ್ಣೆ, ಕರ್ಪೂರ, ನುಸಿಗುಳಿಗೆ, ಟೀ ಟ್ರೀ ಎಣ್ಣೆ, ನಿಂಬೆ ಸಿಪ್ಪೆಯ ಎಣ್ಣೆ, ಯಾವುದೂ ಬೆಕ್ಕಿನ ಹತ್ತಿರ ಸುಳಿಯಬಾರದು. ಬೇವು ಒಳ್ಳೆಯದು ಎಂದು ಬೇವಿನ ಎಣ್ಣೆ ತಿಕ್ಕುವವರಿದ್ದಾರೆ. ಅದನ್ನು ನೆಕ್ಕಿದ ಬೆಕ್ಕಿಗೂ ಜೊಲ್ಲು, ನಡುಕ ಬರಬಹುದು. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಹೋಗುವುದಿಲ್ಲ, ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತದೆ. ಲಕ್ಷ್ಮಣರೇಖೆ ಸೀಮೆಸುಣ್ಣ, ಜಿರಲೆ ಪೌಡರ್ ಬೆಕ್ಕಿನ ಹಾಸಿಗೆಯ ಸುತ್ತ ಎಳೆಯಬೇಡಿ. ನೆಲ ಒರೆಸುವ ಫಿನಾಯಿಲ್‌ನಲ್ಲಿ ಫಿನಾಲ್ ಇದ್ದರೆ ಅದೂ ಬೆಕ್ಕಿಗೆ ಕೆಟ್ಟದ್ದು. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಳ್ಳುತ್ತದೆ ಅಲ್ವಾ?

ಹಾಕಿಬಿಟ್ಟಿದ್ದರೆ ಏನು ಮಾಡಬೇಕು? ಜೊಲ್ಲು ಸುರಿಯುವುದು, ಕಿವಿ ಮತ್ತು ಮುಖ ಅದುರುವುದು, ತೂರಾಡುವ ನಡಿಗೆ, ಮೈನಡುಕ, ಫಿಟ್ಸ್ ಇವು ವಿಷದ ಲಕ್ಷಣಗಳು. ಕೆಲವೇ ಗಂಟೆಯಲ್ಲಿ ಕಾಣಬಹುದು, ಒಂದೆರಡು ದಿನ ತಡವಾಗಿಯೂ ಕಾಣಬಹುದು. ಬೆಕ್ಕು ಎಚ್ಚರವಾಗಿದ್ದು ಫಿಟ್ಸ್ ಇಲ್ಲದಿದ್ದರೆ ಉಗುರುಬೆಚ್ಚನೆಯ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಔಷಧ ತಗಲಿದ ಜಾಗ ತೊಳೆಯಿರಿ. ಒರೆಸಿ, ಟವೆಲ್ಲಿನಲ್ಲಿ ಬೆಚ್ಚಗೆ ಸುತ್ತಿ ನೇರ ದವಾಖಾನೆಗೆ ಒಯ್ಯಿರಿ. ವಾಂತಿ ಮಾಡಿಸಲು ಹೋಗಬೇಡಿ. ಹಾಲು, ಎಣ್ಣೆ ಕುಡಿಸಬೇಡಿ. ಹಚ್ಚಿದ ಔಷಧದ ಬಾಟಲಿ ಅಥವಾ ಡಬ್ಬಿಯನ್ನೂ ಜತೆಗೆ ಒಯ್ಯಿರಿ. ಅದರ ಮೇಲಿನ ಹೆಸರು ನೋಡಿದರೆ ವೈದ್ಯರಿಗೆ ಅರ್ಧ ಕೆಲಸ ಆದಂತೆ.

ಸರಿಯಾದ ಔಷಧ, ಸರಿಯಾಗಿ ಹಾಕುವ ಬಗೆ

ಮೊದಲು ತೂಕ ನೋಡಿ. ಮನೆಯ ತೂಕದ ಯಂತ್ರದ ಮೇಲೆ ಬೆಕ್ಕನ್ನು ಎತ್ತಿಕೊಂಡು ನಿಲ್ಲಿ, ಆಮೇಲೆ ಒಬ್ಬರೇ ನಿಲ್ಲಿ, ಎರಡರ ವ್ಯತ್ಯಾಸ ಬೆಕ್ಕಿನ ತೂಕ. ಸಣ್ಣ ಮರಿಯಾದರೆ ಬುಟ್ಟಿಯಲ್ಲಿಟ್ಟು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ನೋಡಿದರೆ ನಿಖರ. ತೂಕ, ವಯಸ್ಸು, ಗಬ್ಬ ಇದೆಯೇ, ಬೇರೆ ಔಷಧ ನಡೆದಿದೆಯೇ, ಇಷ್ಟನ್ನು ಪಶುವೈದ್ಯರಿಗೆ ಹೇಳಿ. ದನದ ದವಾಖಾನೆ ಎಂದು ಕರೆದರೂ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಬೆಕ್ಕನ್ನೂ ನೋಡುತ್ತಾರೆ. ಸಂಕೋಚ ಬೇಡ.

ಬೆಕ್ಕಿಗೆ ಹೆಚ್ಚಾಗಿ ಕೊಡುವುದು ಕುತ್ತಿಗೆಗೆ ಹಾಕುವ ಹನಿ ಔಷಧ. ಅದರಲ್ಲಿ ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್, ಸೆಲಾಮೆಕ್ಟಿನ್ ಮುಂತಾದವು ಇರುತ್ತವೆ. ಇವುಗಳ ಕೆಲಸ ಸುಮಾರು ಒಂದು ತಿಂಗಳು. ಫ್ಲೂರಾಲೇನರ್ ಇರುವ ಹನಿ 12 ವಾರ ಕೆಲಸ ಮಾಡುತ್ತದೆ. ಫಿಪ್ರೊನಿಲ್ ಜತೆ ಮೆಥೊಪ್ರಿನ್ ಸೇರಿದ ಔಷಧವೂ ಇದೆ. ಮೆಥೊಪ್ರಿನ್ ಮೊಟ್ಟೆ ಬಲಿಯದಂತೆ ತಡೆಯುತ್ತದೆ. ಮನೆಯಲ್ಲಿ ಮೊಟ್ಟೆ ಉದುರಿ ತುಂಬಿರುವಾಗ ನನಗೆ ಇಂಥ ಜೋಡಿ ಔಷಧವೇ ಮೇಲು ಅನಿಸುತ್ತದೆ. ಯಾವುದೇ ಆಗಲಿ, ಡಬ್ಬಿಯ ಮೇಲೆ ಬೆಕ್ಕಿಗೆ ಎಂದು ಸ್ಪಷ್ಟವಾಗಿ ಬರೆದಿರಬೇಕು. ನಾಯಿಯ ದೊಡ್ಡ ಪೈಪೆಟ್ (ಹನಿ ಔಷಧ ತುಂಬಿದ ಸಣ್ಣ ನಳಿಗೆ) ತಂದು ಬೆಕ್ಕಿಗೆ ಪಾಲು ಮಾಡಿ ಹಾಕುವ ಉಳಿತಾಯ ಬೇಡ. ಮನೆಯಲ್ಲಿ ಮೊಲ ಇದ್ದರೆ ವೈದ್ಯರಿಗೆ ತಿಳಿಸಿ, ಫಿಪ್ರೊನಿಲ್ ಮೊಲಕ್ಕೆ ವಿಷ.

ಹಾಕುವ ಮುಂಚೆ ಎರಡು ದಿನ, ಹಾಕಿದ ಮೇಲೆ ಎರಡು ದಿನ ಸ್ನಾನ ಮಾಡಿಸಬೇಡಿ. ಹಲವು ಔಷಧಗಳು ಚರ್ಮದ ಜಿಡ್ಡಿನ ಮೂಲಕ ಮೈಗೆಲ್ಲ ಹರಡುತ್ತವೆ. ಬೆಕ್ಕು ಊಟ ಮಾಡಿ ತೂಕಡಿಸುವ ಹೊತ್ತು ನೋಡಿಕೊಳ್ಳಿ. ತೊಡೆಯ ಮೇಲೆ ಅಥವಾ ಮೇಜಿನ ಮೇಲೆ, ಅದರ ಮುಖ ನಿಮ್ಮಿಂದ ಆಚೆ ಇರುವಂತೆ ಕೂರಿಸಿ. ಜಾಗ ಎಲ್ಲಿ ಅಂದರೆ, ತಲೆಬುರುಡೆ ಮುಗಿದು ಕುತ್ತಿಗೆ ಶುರುವಾಗುವ ಕಡೆ, ನಾಲಿಗೆ ಎಷ್ಟು ಚಾಚಿದರೂ ಎಟುಕದಲ್ಲಿ. ಎರಡು ಹೆಬ್ಬೆರಳಿನಿಂದ ಕೂದಲನ್ನು ಬೈತಲೆಯಂತೆ ಸರಿಸಿ. ತೆಳು ಬಣ್ಣದ ಚರ್ಮದ ಗೆರೆ ಕಾಣಬೇಕು. ಕಾಣದೆ ಹಾಕಿದರೆ ಔಷಧ ಕೂದಲ ಮೇಲೇ ಉಳಿಯುತ್ತದೆ. ಪೈಪೆಟ್‌ನ ತುದಿಯನ್ನು ಚರ್ಮಕ್ಕೆ ತಾಗಿಸಿ ನಿಧಾನವಾಗಿ ಪೂರ್ತಿ ಒತ್ತಿ. ಒತ್ತಿದ ಬೆರಳನ್ನು ಸಡಿಲಿಸದೆ ಎತ್ತಿ, ಇಲ್ಲದಿದ್ದರೆ ಹನಿ ವಾಪಸ್ ಒಳಗೆ ಹೋಗುತ್ತದೆ. ಉಜ್ಜಬೇಡಿ. ಕೈ ತೊಳೆದುಕೊಳ್ಳಿ. ಒಣಗುವವರೆಗೆ ಮಕ್ಕಳು ಮುದ್ದಿಸದಂತೆ ನೋಡಿಕೊಳ್ಳಿ.

ಎರಡು ಬೆಕ್ಕು ಇದ್ದರೆ ಒಣಗುವವರೆಗೆ ಬೇರೆ ಬೇರೆ ಕೋಣೆಯಲ್ಲಿಡಿ, ಒಂದನ್ನೊಂದು ನೆಕ್ಕುತ್ತವೆ. ಸ್ವಲ್ಪ ನೆಕ್ಕಿ ಬಾಯಲ್ಲಿ ನೊರೆ ಬಂದರೆ ಔಷಧದ ಕಹಿಗೆ ಹಾಗಾಗುತ್ತದೆ, ನೀರು ಕೊಟ್ಟು ನೋಡಿ. ನೊರೆ ನಿಲ್ಲದಿದ್ದರೆ ಅಥವಾ ನಡುಕ ಶುರುವಾದರೆ ವೈದ್ಯರಿಗೆ ಫೋನ್ ಮಾಡಿ.

ಮನೆಯಲ್ಲಿರುವ ಎಲ್ಲ ಬೆಕ್ಕು, ನಾಯಿಗಳಿಗೂ ಅದೇ ದಿನ ಅವುಗಳದೇ ಔಷಧ ಹಾಕಬೇಕು. ಒಂದನ್ನು ಬಿಟ್ಟರೂ ಅದು ಮಿಕ್ಕವಕ್ಕೆ ಚಿಗಟ ಹಂಚುತ್ತದೆ. ಮುಂದಿನ ಡೋಸ್‌ನ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಈಗಲೇ ಬರೆದಿಡಿ. ಚಿಗಟ ಕಾಣುತ್ತಿಲ್ಲ ಎಂದು ಎರಡನೇ ಡೋಸ್ ಬಿಡುವುದರಿಂದಲೇ ಬಹಳ ಮನೆಗಳಲ್ಲಿ ಕೆಲಸ ಕೆಡುವುದು.

ಕುತ್ತಿಗೆಗೆ ಕಟ್ಟುವ ಚಿಗಟದ ಪಟ್ಟಿಗಳ ಬಗ್ಗೆ ಕೇಳುತ್ತಾರೆ. ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ, ಒಳಗೇನಿದೆ ಎಂದೇ ಬರೆಯದ ಪಟ್ಟಿಗಳನ್ನು ಕಟ್ಟಬೇಡಿ.

ಎಳೆಮರಿ, ಬಾಣಂತಿ ಬೆಕ್ಕು

8 ವಾರ ತುಂಬದ ಮರಿಗೆ ಮೇಲೆ ಹೇಳಿದ ಬಹುತೇಕ ಹನಿಗಳು ಆಗಿಬರುವುದಿಲ್ಲ. ಅಂಥ ಮರಿಗೆ ಬಾಚಣಿಗೆಯೇ ಔಷಧ. ದಿನಕ್ಕೆ ಎರಡು ಸಲ ಬಾಚಿ. ತುಂಬ ಇದ್ದರೆ ಉಗುರುಬೆಚ್ಚನೆಯ ನೀರಿನಲ್ಲಿ ಒಂದು ಹನಿ ಪಾತ್ರೆ ಲಿಕ್ವಿಡ್ ಹಾಕಿ ತೊಳೆಯಬಹುದು. ನೀರು ಮುಟ್ಟಿಸುವ ಮುಂಚೆ ಕುತ್ತಿಗೆಯ ಸುತ್ತ ನೊರೆಯ ಒಂದು ಸುತ್ತು ಮಾಡಿ, ಇಲ್ಲದಿದ್ದರೆ ಚಿಗಟಗಳೆಲ್ಲ ಮುಖ, ಕಿವಿಗೆ ಓಡುತ್ತವೆ. ಮುಖಕ್ಕೆ ನೀರು ಬೇಡ, ಬಾಚಿ ತೆಗೆಯಿರಿ. ಬೇಗ ಮುಗಿಸಿ, ಪೂರ್ತಿ ಒಣಗಿಸಿ, ಬೆಚ್ಚಗಿಡಿ. ಮರಿ ಚಳಿಗೆ ಬೇಗ ಸೋಲುತ್ತದೆ. ತಾಯಿಬೆಕ್ಕಿಗೆ ಹಾಲೂಡಿಸುವಾಗಲೂ ಕೊಡಬಹುದಾದ ಔಷಧ ಇದೆ, ವೈದ್ಯರು ಹೇಳುತ್ತಾರೆ.

ಮರಿಯ ತುಟಿ ಎತ್ತಿ ಒಸಡು ನೋಡಿ. ನಸುಗೆಂಪು ಇರಬೇಕು. ಬಿಳುಚಿದ್ದರೆ, ಮರಿ ಸುಸ್ತಾಗಿ ಮಲಗೇ ಇದ್ದರೆ ಅದರ ರಕ್ತ ಚಿಗಟದ ಪಾಲಾಗಿದೆ ಎಂದರ್ಥ. ನಾಳೆ ನೋಡೋಣ ಅನ್ನಬೇಡಿ, ಅಂದೇ ದವಾಖಾನೆಗೆ ಒಯ್ಯಿರಿ.

ಮನೆಯ ಕೆಲಸ: ಕೌದಿಯಿಂದ ಶುರು ಮಾಡಿ

ನಮ್ಮ ಕಡೆ ಬೆಕ್ಕು ಮಲಗುವುದೆಂದರೆ ಕೌದಿಯ ಮೇಲೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರ ಹಾಸಿ ಕೈಯಲ್ಲಿ ಹೊಲಿದ ಕೌದಿ ಬೆಕ್ಕಿಗೂ ಬೆಚ್ಚಗೆ, ಚಿಗಟದ ಹುಳುವಿಗೂ ಬೆಚ್ಚಗೆ. ಒಂದು ಮೂಲೆ ಮಡಚಿ ಹೊಲಿಗೆಯ ಸಾಲನ್ನು ಬೆಳಕಿಗೆ ಹಿಡಿದು ನೋಡಿ. ಮಗ್ಗಲು ಮಡಿಸಿ ಹೊಲಿದ ಅಂಚಿನಲ್ಲಿ ಕಪ್ಪು ಹಿಕ್ಕೆ ಗೆರೆಯಾಗಿ ಕೂತಿರುತ್ತದೆ, ನಡುವೆ ಬಿಳಿ ಮೊಟ್ಟೆ. ಉಗುರಿನಿಂದ ಕೆದಕಿದರೆ ಕೂದಲೆಳೆಯಷ್ಟು ಸಣ್ಣ ಹುಳು ಬೆಳಕಿಗೆ ಹೆದರಿ ಪದರದೊಳಗೆ ಜಾರುತ್ತದೆ. ಸುಮ್ಮನೆ ಕೊಡವಿದರೆ ಇವು ಹೋಗುವುದಿಲ್ಲ.

ಬಟ್ಟೆ ತಡೆಯುವಂತಿದ್ದರೆ ಬಚ್ಚಲ ಹಂಡೆಯ ಸುಡುನೀರಿಗೆ ಸೋಪು ಹಾಕಿ ನೆನೆಸಿ. ನೀರು 60 ಡಿಗ್ರಿ ಇರಬೇಕು, ಅಂದರೆ ಕೈ ಇಡಲಾಗದಷ್ಟು ಬಿಸಿ. ಅರ್ಧ ಗಂಟೆ ಬಿಟ್ಟು ಒಗೆಯಿರಿ. ಬಣ್ಣ ಬಿಡುವ ಇಳಕಲ್ ಸೀರೆ ಸೇರಿಸಿ ಹೊಲಿದ ಕೌದಿಯಾದರೆ ಬೇರೆಯಾಗಿ ನೆನೆಸಿ. ವಿಜಯಪುರ, ಬಾಗಲಕೋಟೆಯವರಿಗೆ ಮಾಳಿಗೆಯ ಬಿಸಿಲು ದೊಡ್ಡ ಆಸ್ತಿ. ಎರಡೂ ಬದಿ ತಿರುವಿ ಹಾಕಿ ಕಾಯಿಸಿ. ಮಳೆಗಾಲದ ಬೆಳಗಾವಿಯಲ್ಲಿ ಒದ್ದೆ ಕೌದಿ ಒಣಗುವುದೇ ಕಷ್ಟ. ಅಲ್ಲಿನವರು ಮಳೆಗಾಲ ಮುಗಿಯುವವರೆಗೆ ಬೆಕ್ಕಿಗೆ ಕೌದಿ ಕೊಡದಿರುವುದೇ ವಾಸಿ. ಒಗೆಯಲಾಗದ ದಪ್ಪ ಬಟ್ಟೆಯ ಅಂಚು, ಹೊಲಿಗೆಗಳ ಮೇಲೆ ಬಿಸಿ ಇಸ್ತ್ರಿ ಒತ್ತಿ ಒತ್ತಿ ಆಡಿಸಿ. ಚಿಗಟ ಇರುವ ಹಾಸಿಗೆಯನ್ನು ಮಾತ್ರ ಮಡಚಿ ಟ್ರಂಕಿಗೆ ಹಾಕಬೇಡಿ. ಗೂಡಿನೊಳಗಿನವು ದೀಪಾವಳಿಯವರೆಗೂ ಕಾದು ಎದ್ದು ಬಂದಾವು.

ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಬೆಕ್ಕಿಗೆ ಮಲಗಲು ಒಂದೇ ಜಾಗ ಗೊತ್ತು ಮಾಡಿ, ಅಲ್ಲಿ ತಿಳಿ ಬಣ್ಣದ ಹಳೆಯ ಹತ್ತಿ ಟವೆಲ್ ಅಥವಾ ಲುಂಗಿ ಹಾಸಿ. ಉದುರುವ ಮೊಟ್ಟೆಗಳಲ್ಲಿ ಬಹುಪಾಲು ಅಲ್ಲೇ ಬೀಳುತ್ತವೆ. ಎರಡು ದಿನಕ್ಕೊಮ್ಮೆ ನಾಲ್ಕೂ ಮೂಲೆ ಸೇರಿಸಿ ಗಂಟಿನಂತೆ ಎತ್ತಿ ನೇರ ಸುಡುನೀರಿಗೆ ಹಾಕಿ. ಮನೆಯೊಳಗೆ ಕೊಡವಬೇಡಿ. ಖರ್ಚಿಲ್ಲದ ಕೆಲಸ, ಇದರಷ್ಟು ಫಲ ಕೊಡುವುದು ಬೇರೆ ಇಲ್ಲ.

ನೆಲದ ವಿಷಯ. ಫರ್ಶಿ ಹಾಸಿದ ನೆಲ ನಮ್ಮ ಭಾಗ್ಯ, ಕಾರ್ಪೆಟ್ ಮನೆಗಳಷ್ಟು ಕಷ್ಟ ಇಲ್ಲ. ಆದರೆ ಕಲ್ಲು ಕಲ್ಲಿನ ನಡುವೆ ಸಿಮೆಂಟ್ ಬಿಟ್ಟ ಬಿರುಕು, ಗೋಡೆಯ ಬುಡ, ಮಂಚದ ಕಾಲಿನ ಸುತ್ತ ಹುಳು ಸೇರುತ್ತದೆ. ವ್ಯಾಕ್ಯೂಮ್ ಇದ್ದರೆ ಸಂದಿಗೆ ಹಾಕುವ ಚಪ್ಪಟೆ ಮೂತಿ ಸಿಕ್ಕಿಸಿ ಮೊದಲ ಎರಡು ವಾರ ದಿನಾ ಎಳೆಯಿರಿ. ಅದರ ಅದುರಿಗೆ ಗೂಡಿನಲ್ಲಿ ಕಾದಿದ್ದ ಚಿಗಟಗಳೂ ಎದ್ದು ಬರುತ್ತವೆ, ಅದು ನಮಗೆ ಒಳ್ಳೆಯದೇ. ಧೂಳಿನ ಚೀಲವನ್ನು ಪ್ರತಿ ಸಲ ಹೊರಗೆ ಖಾಲಿ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಕಸಕ್ಕೆ ಕೊಡಿ. ವ್ಯಾಕ್ಯೂಮ್ ಇಲ್ಲದವರು ಹಳೆಯ ಟೂತ್‌ಬ್ರಷ್‌ನಿಂದ ಬಿರುಕು ಕೆದಕಿ, ಕಸಬರಿಗೆಯಿಂದ ಧೂಳು ಏಳದಂತೆ ಗುಡಿಸಿ, ಕಸವನ್ನು ಸೋಪಿನ ನೀರಿನ ಬಕೆಟ್ಟಿಗೆ ಸುರಿಯಿರಿ. ಅಂಗಳದ ಮೂಲೆಗೆ ಎಸೆದರೆ ವಾಪಸ್ ಬರುತ್ತದೆ. ಆಮೇಲೆ ಬಿಸಿ ಸೋಪುನೀರಿನಲ್ಲಿ ಒರೆಸಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ತೇವ ಉಳಿದರೆ ಹುಳುವಿಗೇ ಅನುಕೂಲ. ಬಿರುಕುಗಳನ್ನು ಬಿಳಿ ಸಿಮೆಂಟಿನಿಂದ ಮುಚ್ಚಿಸಿದರೆ ಶಾಶ್ವತ ಪರಿಹಾರ.

ಸೋಫಾದ ಕುಶನ್ ತೆಗೆದು ಕೆಳಗಿನ ಸಂದಿ ಸ್ವಚ್ಛ ಮಾಡಿ. ಜಮಖಾನೆ, ಕಾಲೊರೆಸುವ ಗೋಣಿತಟ್ಟು, ಬೆಕ್ಕನ್ನು ಒಯ್ಯುವ ಬುಟ್ಟಿ, ಕಾರಿನ ಸೀಟು, ಅಟ್ಟಕ್ಕೆ ಹಾಕಿದ ಹಳೆಯ ಬಟ್ಟೆಗಂಟು ಇವನ್ನೂ ಮರೆಯಬೇಡಿ.

ಸ್ಪ್ರೇ ಬೇಕಾ? ಫರ್ಶಿ ನೆಲದ ಸಣ್ಣ ಮನೆಗೆ ಶುಚಿಯೇ ಸಾಕು ಎಂಬುದು ನನ್ನ ಅಭಿಪ್ರಾಯ. ತಿಂಗಳಾದರೂ ಕಡಿಮೆಯಾಗದಿದ್ದರೆ ಕೀಟ ನಿಯಂತ್ರಣದವರನ್ನು ಕರೆಸಿ. ಮನೆಯಲ್ಲಿ ಬೆಕ್ಕಿದೆ ಎಂದು ಮೊದಲೇ ಹೇಳಿ. ಹುಳು ಬೆಳೆಯದಂತೆ ತಡೆಯುವ ಪೈರಿಪ್ರಾಕ್ಸಿಫೆನ್ ಅಥವಾ ಮೆಥೊಪ್ರಿನ್ ಇರುವ ಔಷಧ ಕೇಳಿ. ಬರೀ ದೊಡ್ಡ ಚಿಗಟ ಕೊಲ್ಲುವ ಸ್ಪ್ರೇ ಹೊಡೆಸಿ ಉಪಯೋಗ ಕಡಿಮೆ. ಸಿಂಪಡಿಸಿ ಪೂರ್ತಿ ಒಣಗಿ, ಕಿಟಕಿ ತೆರೆದು ಗಾಳಿ ಆಡುವವರೆಗೆ ಬೆಕ್ಕು, ಮಕ್ಕಳು ಬೇರೆ ಮನೆಯಲ್ಲಿರಲಿ. ಮೀನಿನ ತೊಟ್ಟಿ ಇದ್ದರೆ ಆಚೆ ಸಾಗಿಸಿ. ಬೆಕ್ಕಿನ ತಟ್ಟೆ, ನೀರಿನ ಬಟ್ಟಲು ತೆಗೆದಿಡಿ.

ಔಷಧ ಹಾಕಿದ ಮೇಲೂ ಚಿಗಟ ಕಾಣುತ್ತಿವೆ, ಯಾಕೆ?

ಕಾಣುತ್ತವೆ. ಹಳೆಯ ಗೂಡುಗಳು ಒಡೆಯುತ್ತಲೇ ಇರುತ್ತವೆ, ಹೊಸ ಚಿಗಟ ಬೆಕ್ಕಿನ ಮೇಲೆ ಹಾರಿ ಔಷಧ ತಗಲಿ ಸಾಯುತ್ತದೆ. ಎರಡು ತಿಂಗಳವರೆಗೂ ಹೀಗೆ ನಡೆಯಬಹುದು. ಕೆಲವೊಮ್ಮೆ ಎರಡನೇ ವಾರ ಜಾಸ್ತಿಯಾದಂತೆಯೂ ಅನಿಸುತ್ತದೆ. ಔಷಧ ಕೆಲಸ ಮಾಡುತ್ತಿಲ್ಲ ಎಂದು ಗಾಬರಿಯಾಗಿ ಅದರ ಮೇಲೆ ಇನ್ನೊಂದು ಔಷಧ ಸುರಿಯಬೇಡಿ. ಇಂಥ ಹೊತ್ತಲ್ಲೇ ವಿಷ ಏರುವುದು.

ಕಡಿಮೆಯಾಗುತ್ತಿದೆಯೇ ಎಂದು ಅಳೆಯಲು ರಾತ್ರಿ ಒಂದು ಅಗಲ ಪರಾತದಲ್ಲಿ ಸೋಪಿನ ನೀರು ಹಾಕಿ ನೆಲದ ಮೇಲಿಟ್ಟು, ಮೇಲೆ ಒಂದು ಗೇಣು ಎತ್ತರದಲ್ಲಿ ಟೇಬಲ್ ಲ್ಯಾಂಪ್ ಉರಿಸಿ, ಮಿಕ್ಕ ದೀಪ ಆರಿಸಿ. ವೈರು ನೀರಿಗೆ ತಾಗದಂತೆ, ಬೆಕ್ಕು ಬೀಳಿಸದಂತೆ ಕೋಣೆಯ ಬಾಗಿಲು ಹಾಕಿ. ಬೆಳಕು, ಬಿಸಿಗೆ ಜಿಗಿದ ಚಿಗಟ ನೀರಿಗೆ ಬೀಳುತ್ತದೆ. ಇದರಿಂದ ಚಿಗಟ ಪೂರ್ತಿ ಹೋಗುವುದಿಲ್ಲ, ಆದರೆ ವಾರ ವಾರ ಎಣಿಸಿದರೆ ಇಳಿಯುತ್ತಿದೆಯೇ ಗೊತ್ತಾಗುತ್ತದೆ. ಜತೆಗೆ ವಾರಕ್ಕೆರಡು ಸಲ ಬಾಚಣಿಗೆ ಪರೀಕ್ಷೆ. ಮೂರನೇ ತಿಂಗಳಲ್ಲೂ ಹಿಕ್ಕೆ ಸಿಗುತ್ತಿದ್ದರೆ ಡೋಸ್ ತಪ್ಪಿದೆಯೇ, ಮನೆಯ ಇನ್ನೊಂದು ಪ್ರಾಣಿ ಬಿಟ್ಟುಹೋಗಿದೆಯೇ, ಅಟ್ಟದಲ್ಲಿ ಇಲಿ ಅಥವಾ ಬೀದಿಬೆಕ್ಕು ಇದೆಯೇ ನೋಡಿ, ಆಮೇಲೆ ಔಷಧ ಬದಲಿಸುವ ಮಾತು.

ಚಿಗಟದ ಹಿಂದೆ ಬರುವ ತೊಂದರೆಗಳು

ಬೆಕ್ಕಿನ ಗುದದ ಸುತ್ತ ಅಥವಾ ಹಾಸಿಗೆಯ ಮೇಲೆ ಒಣಗಿದ ಅನ್ನದ ಅಗುಳಿನಂಥ ಚೂರು ಕಂಡರೆ ಅದು ಲಾಡಿಹುಳುವಿನ ತುಂಡು. ಹೆಚ್ಚಾಗಿ ಚಿಗಟ ನುಂಗಿದ್ದರಿಂದ ಬಂದದ್ದು. ಮಾಮೂಲಿ ಜಂತುಹುಳದ ಮಾತ್ರೆ ಎಲ್ಲವೂ ಇದಕ್ಕೆ ಕೆಲಸ ಮಾಡುವುದಿಲ್ಲ, ಪ್ರಾಜಿಕ್ವಾಂಟೆಲ್ ಇರುವುದು ಬೇಕು. ಚಿಗಟ ಉಳಿದಿದ್ದರೆ ಮಾತ್ರೆ ಕೊಟ್ಟರೂ ಹುಳು ಮತ್ತೆ ಬರುತ್ತದೆ. ಆಡುವಾಗ ಚಿಗಟ ಬಾಯಿಗೆ ಹೋದರೆ ಸಣ್ಣ ಮಕ್ಕಳಿಗೂ ಈ ಹುಳು ತಗಲಬಹುದು.

ಕೆಲವು ಬೆಕ್ಕಿಗೆ ಚಿಗಟದ ಜೊಲ್ಲಿಗೇ ಅಲರ್ಜಿ. ಒಂದೆರಡು ಕಡಿತ ಸಾಕು, ಬೆನ್ನು, ಕುತ್ತಿಗೆಯಲ್ಲಿ ಸಣ್ಣ ಹಕ್ಕಳೆ, ಬಾಲದ ಬುಡದಲ್ಲಿ ಕೂದಲು ಉದುರಿ ಬೋಳು. ಇದಕ್ಕೆ ತುರಿಕೆ ಇಳಿಸುವ ಔಷಧವೂ ಬೇಕಾಗುತ್ತದೆ, ಮನುಷ್ಯರ ಮುಲಾಮು ಹಚ್ಚಬೇಡಿ. ಚಿಗಟದ ಹಿಕ್ಕೆ ಉಗುರಿಗೆ ಮೆತ್ತಿದ ಬೆಕ್ಕು ಪರಚಿದರೆ ಬಾರ್ಟೊನೆಲ್ಲಾ ಎಂಬ ರೋಗಾಣು ನಮಗೂ ದಾಟಬಹುದು. ಪರಚಿದ ಗಾಯ ಸೋಪಿನಿಂದ ತೊಳೆಯಿರಿ. ಜ್ವರ ಬಂದು ಕಂಕುಳು, ಕುತ್ತಿಗೆಯಲ್ಲಿ ಗಡ್ಡೆ ಊದಿದರೆ ಬೆಕ್ಕು ಪರಚಿದ್ದನ್ನು ಡಾಕ್ಟರಿಗೆ ಹೇಳಿ.

ಮುಂದಿನ ವರ್ಷಕ್ಕೆ

ಬೆಳಕಿಂಡಿ, ಅಡುಗೆಮನೆಯ ಕಿಟಕಿಗೆ ಸಣ್ಣ ಕಣ್ಣಿನ ಜಾಳಿಗೆ ಹಾಕಿಸಿ. ಇಲಿಗೆ ವಿಷ ಇಡಬೇಡಿ, ವಿಷ ತಿಂದ ಇಲಿಯನ್ನು ಬೆಕ್ಕು ತಿಂದರೆ ಅದಕ್ಕೂ ವಿಷ. ಬೋನು ಇಡಿ. ಹೊಸ ಮರಿ ತಂದರೆ ಬಾಚಿ, ಪರೀಕ್ಷಿಸಿ, ವೈದ್ಯರಿಗೆ ತೋರಿಸುವವರೆಗೆ ಬೇರೆ ಕೋಣೆಯಲ್ಲಿಡಿ. ಬಾಡಿಗೆ ಮನೆ ಬದಲಿಸುವಾಗ ಹಿಂದಿನವರು ನಾಯಿ, ಬೆಕ್ಕು ಸಾಕಿದ್ದರೇ ಕೇಳಿ. ಸಾಕಿದ್ದರೆ ಸಾಮಾನು ಇಳಿಸುವ ಮೊದಲೇ ನೆಲ ತಿಕ್ಕಿ ತೊಳೆಯಿರಿ, ಬೆಕ್ಕಿಗೆ ಡೋಸ್ ಹಾಕಿಯೇ ಒಯ್ಯಿರಿ.

ವರ್ಷಪೂರ್ತಿ ತಿಂಗಳಿಗೊಮ್ಮೆ, 12 ವಾರದ ಔಷಧವಾದರೆ 12 ವಾರಕ್ಕೊಮ್ಮೆ, ಹಾಕಿದರೆ ಬಹಳ ಒಳ್ಳೆಯದು. ಖರ್ಚು ಹೆಚ್ಚೆನಿಸಿದರೆ ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುಂಚೆಯೇ ಮೊದಲ ಡೋಸ್ ಹಾಕಿ. ವಿಜಯಪುರ, ಬಾಗಲಕೋಟೆಯವರು ಅಕ್ಟೋಬರ್‌ವರೆಗೆ, ಬೆಳಗಾವಿ, ಖಾನಾಪುರ ಕಡೆಯವರು ನವೆಂಬರ್ ಮುಗಿಯುವವರೆಗೆ ಒಂದು ಡೋಸನ್ನೂ ತಪ್ಪಿಸದೆ ಮುಂದುವರಿಸಿ. ಉಳಿದ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಬಾಚಿ ನೋಡುತ್ತಿರಿ, ಒಂದೇ ಒಂದು ಕೆಂಪು ಚುಕ್ಕೆ ಬಿಳಿ ಬಟ್ಟೆಯ ಮೇಲೆ ಹರಡಿದರೂ ಅಂದೇ ಡೋಸ್ ಶುರು ಮಾಡಿ.